ಬಾಗಿಲ ಹಿಂದೆ ಏನಿದೆ, ಹೇಳು ಮುರಳಿ

ನಮ್ಮ ಮನೆಯಲ್ಲಿ ಫೋನಿನ ಪಕ್ಕ ಒಂದು ಹಳೆಯ ಕುಂಕುಮದ ಭರಣಿಯಿದೆ. ಅದರಲ್ಲಿ ಕುಂಕುಮವಿಲ್ಲ, ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆ ಬೀಜಗಳಿವೆ. ಬಂದ ನೆಂಟರು ಮುಚ್ಚಳ ತೆಗೆದು, ‘ಇದೇನ್ರೀ, ಇನ್ನೂ ಚೌಕಾಬಾರ ಆಡ್ತೀರಾ?’ ಎಂದು ನಗುತ್ತಾರೆ. ನಗಲಿ ಬಿಡಿ. ಈ ಬೀಜಗಳನ್ನು ಚೆಲ್ಲಿ ನಾವು ರಾಕ್ಷಸರ ಕೋಟೆ ಹಿಡಿದಿದ್ದೇವೆ, ಏಳು ಹೆಡೆಯ ಸರ್ಪದೊಡನೆ ಸಂಧಿ ಮಾಡಿಕೊಂಡಿದ್ದೇವೆ. ನಿಮಗೆ ಹೇಳಿದರೆ ನೀವಾದರೂ ನಂಬುತ್ತೀರಿ ಎಂದು ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಸೋದರತ್ತೆಯ ಮಗ ಮುರಳಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಅಕ್ಕಪಕ್ಕದವರ ದಯೆಯಿಂದ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದವು. ಮೂರರಲ್ಲೂ ಅವನಿಗೆ ಉಗ್ಗು. ಒಂದು ಭಾನುವಾರ ಶಿವಮೊಗ್ಗದಲ್ಲಿ ಬಸ್ಸಿಳಿದು ವಿದ್ಯಾನಗರದ ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲೊಂದು ಜೆರಾಕ್ಸ್ ಹಾಳೆಗಳ ಕಟ್ಟು, ಜೇಬಿನಲ್ಲೊಂದು ಇಪ್ಪತ್ತು ಮುಖದ ನೀಲಿ ದಾಳ. ಮದ್ರಾಸಿನಲ್ಲಿ ಓದುತ್ತಿದ್ದ ಗೆಳೆಯ ಕೊಟ್ಟ ಪರದೇಶದ ಆಟವಂತೆ. ಒಬ್ಬ ಕಥೆ ಹೇಳುತ್ತಾನೆ; ಉಳಿದವರು ಆ ಕಥೆಯೊಳಗಿನ ವೀರರಾಗಿ ‘ನಾನು ಹೊಳೆ ದಾಟ್ತೀನಿ’, ‘ನಾನು ಬಿಲ್ಲೆತ್ತೀನಿ’ ಅನ್ನುತ್ತಾರೆ; ದಾಟಿದರೋ ಮುಳುಗಿದರೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹಾಳೆಗಳ ತುಂಬ ಇದ್ದ ಹೆಸರು ತಿಳಿಯದ ಭೂತಗಳನ್ನೆಲ್ಲ ಮುರಳಿ ಕಿತ್ತುಹಾಕಿ, ಕುಂಸಿಯಾಚೆಯ ಕಾಡಿಗೆ ಗಂಧರ್ವರನ್ನೂ ನವುಲೆಯ ಕೆರೆಗೊಬ್ಬ ಯಕ್ಷನನ್ನೂ ತಂದು ಕೂರಿಸಿದ. ಆಡುವವರು ನಾನು, ಪಕ್ಕದ ಮನೆಯ ಶಶಿ.

ನನ್ನ ಅಪ್ಪ ಹೈಸ್ಕೂಲಿನ ಸಂಸ್ಕೃತ ಮೇಷ್ಟರು. ಮುರಳಿ ಎಂದರೆ ಅವರಿಗೆ ಪ್ರಾಣ. ಆ ಪ್ರೀತಿಗೊಂದು ಕೆಟ್ಟ ಚಾಳಿಯಿತ್ತು: ಹುಡುಗ ತಡವರಿಸಿದ ಕೂಡಲೇ ಅವನ ಮಾತನ್ನು ಇವರು ಮುಗಿಸಿಬಿಡುತ್ತಿದ್ದರು. ‘ಮಾವ, ನಂಗೊಂದು ನೀ... ನೀ...’ ಎಂದರೆ ‘ನೀರಾ? ಏ, ನೀರು ತಗೊಂಡ್ಬಾರೇ!’ ಅವನಿಗೆ ಬೇಕಿದ್ದದ್ದು ನೀಲಿ ಪೆನ್ನು. ಪಾಪ, ಅಲ್ಲ ಎಂದು ಹೇಳಹೊರಟರೆ ಇನ್ನಷ್ಟು ಮಾತು ಬೇಕಲ್ಲ, ಸುಮ್ಮನೆ ನೀರು ಕುಡಿಯುತ್ತಿದ್ದ.

ಅಪ್ಪನೊಬ್ಬರನ್ನೇ ದೂರಿ ಏನು ಪ್ರಯೋಜನ? ಪುರಾಣ ಕೇಳಿ ಬೆಳೆದ ಜನ ನಾವು. ಹೇಳುವವರು ಅರ್ಧಕ್ಕೆ ನಿಲ್ಲಿಸುತ್ತಾರೆ, ಕೂತವರು ಉಳಿದರ್ಧ ತುಂಬುತ್ತಾರೆ. ವರ ಬೇಡಿದ ಅಸುರ ಯಾವ ಷರತ್ತನ್ನು ಮರೆತ, ಶಪಿಸಿದ ಮುನಿ ವಿಮೋಚನೆಗೆ ಯಾವ ದಾರಿ ಇಟ್ಟ, ಎಲ್ಲವೂ ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದನ್ನು ಒಟ್ಟಿಗೆ ಹೇಳುವ ಆ ಸುಖ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಮುರಳಿಯ ಕಥೆ ಯಾರಿಗೂ ಗೊತ್ತಿರಲಿಲ್ಲ. ಕೆರೆಯಿಂದ ಎದ್ದ ಯಕ್ಷ ಏನೆಂದ ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಅವನು ಉಗ್ಗಿದರೂ ನಾನೂ ಶಶಿಯೂ ಬಾಯಿ ತೆರೆದುಕೊಂಡು ಕಾಯಲೇಬೇಕಿತ್ತು. ತನ್ನ ವಾಕ್ಯವನ್ನು ತಾನೇ ಮುಗಿಸಬಹುದಾದ ಜಾಗ ಆ ಹುಡುಗನಿಗೆ ಅದೊಂದೇ ಆಗಿತ್ತು.

ಅದೂ ಕೈತಪ್ಪುವ ಹಾಗಾಯಿತು. ದಾಳ ಉರುಳಿ ಉರುಳಿ ನಡುಮನೆಗೆ ಹೋಗಿ, ಉತ್ತರಪತ್ರಿಕೆ ತಿದ್ದುತ್ತಿದ್ದ ಅಪ್ಪನ ಕಾಲ ಬಳಿ ನಿಂತಿತು.

‘ಬಲಿಪಾಡ್ಯಮಿ ಬಿಟ್ಟು ಬೇರೆ ದಿನ ಈ ಮನೇಲಿ ದಾಳ ಉರುಳಬಾರದು. ದಾಳದಿಂದ ರಾಜ್ಯ ಕಳ್ಕೊಂಡೋರ ಕಥೆ ನಾನೇ ಹೇಳಿಲ್ವಾ ನಿಮಗೆ?’

ಮುರಳಿ ಹಾಳೆಗಳನ್ನು ಜೋಡಿಸಿಕೊಂಡು ಎದ್ದ. ‘ಮಾವ, ಇದು ಬ... ಬ...’

‘ಬರ್ತೀನಿ ಅಂತೀಯಾ? ಊಟ ಮಾಡ್ಕೊಂಡು ಹೋಗಪ್ಪಾ.’

ಅವನು ಹೇಳಹೊರಟದ್ದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಕಾಪಾಡಿದವಳು ಅಮ್ಮ. ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಮೊರವನ್ನೇ ಎತ್ತಿಕೊಂಡು ಒಳಗೆ ಬಂದಳು. ‘ಹುಣಸೆ ಬೀಜಕ್ಕೆ ನಿಮ್ಮ ಶಾಸ್ತ್ರ ಏನಂತದ್ರೀ? ನಿಮ್ಮಮ್ಮ ವರ್ಷವಿಡೀ ಚೌಕಾಬಾರ ಆಡ್ತಿದ್ರಲ್ಲ?’ ಅಪ್ಪ ಮತ್ತೆ ಉತ್ತರಪತ್ರಿಕೆಗಳನ್ನು ಎಳೆದುಕೊಂಡರು.

ಹೀಗೆ ಇಪ್ಪತ್ತು ಮುಖದ ದಾಳದ ಜಾಗಕ್ಕೆ ಇಪ್ಪತ್ತು ಬೀಜಗಳು ಬಂದವು. ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ಎಣಿಸುವುದು. ದಾಳದಲ್ಲಿ ಒಂದೂ ಬೀಳಬಹುದು, ಇಪ್ಪತ್ತೂ ಬೀಳಬಹುದು. ಬೀಜಗಳು ಹಾಗಲ್ಲ, ಯಾವಾಗ ಚೆಲ್ಲಿದರೂ ಹತ್ತರ ಆಸುಪಾಸು. ಹಾಗಾಗಿ ನಮ್ಮ ವೀರರು ಅಪ್ಪಟ ಮಧ್ಯಮ ವರ್ಗದವರಾದರು: ಸಾಯಲೂ ಇಲ್ಲ, ಚಕ್ರವರ್ತಿಗಳಾಗಲೂ ಇಲ್ಲ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗುತ್ತ ಮುಂದೆ ನಡೆದರು.

ಅಪ್ಪ ಮೊದಮೊದಲು ನಡುಮನೆಯಿಂದಲೇ ‘ಯಕ್ಷರು ಹಾಗೆಲ್ಲ ಮಾತಾಡಲ್ಲ ಕಣೋ’ ಎಂದು ತಿದ್ದುತ್ತಿದ್ದರು. ಆಮೇಲೆ ಬಾಗಿಲಿಗೆ ಬಂದು ನಿಂತರು. ಕೊನೆಗೊಂದು ಭಾನುವಾರ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಮಂಡಲುವಿನ ಮುದಿ ಋಷಿಯಾಗಿ ಆಟಕ್ಕೇ ಸೇರಿದರು.

ಆ ದಿನ ಕಥೆ ಬಂದು ನಿಂತದ್ದು ಒಂದು ಗುಹೆಯ ಕೊನೆಯ ಬಾಗಿಲಿಗೆ. ಬೀಜ ಚೆಲ್ಲಿದ್ದು ಅಪ್ಪ, ಹನ್ನೊಂದು ಬಿಳಿ, ಬಾಗಿಲು ತೆರೆಯಿತು.

‘ಒಳಗೆ ಒಂದು ಇ... ಇ...’ ಎಂದ ಮುರಳಿ.

‘ಇಂದ್ರನ ವಜ್ರಾಯುಧ!’ ಎಂದರು ಅಪ್ಪ. ಮುರಳಿ ಅಲ್ಲವೆಂದು ತಲೆಯಾಡಿಸಿದ. ‘ಇಬ್ಬರು ರಾಕ್ಷಸರು?’ ಅದೂ ಅಲ್ಲ. ಅಪ್ಪ ಮತ್ತೆ ಬಾಯಿ ತೆರೆದರು, ಹೇಳಲು ಏನೂ ಹೊಳೆಯಲಿಲ್ಲ, ಮುಚ್ಚಿದರು. ಓದಿದ ಪುರಾಣಗಳೆಲ್ಲ ತೀರಿಹೋಗಿದ್ದವು. ಆಗ ಮೊದಲ ಸಲ ಅವರು ಮುರಳಿಯ ಮುಖವನ್ನು ಸರಿಯಾಗಿ ನೋಡಿದರು, ಸ್ವರ ತಗ್ಗಿಸಿ, ‘ಬಾಗಿಲ ಹಿಂದೆ ಏನಿದೆ, ಹೇಳು ಮುರಳಿ. ನಂಗೊತ್ತಿಲ್ಲ ಮಾರಾಯ’ ಎಂದರು.

‘ಇ... ಇರುವೆ, ಮಾವ. ಒಂದೇ ಒಂದು ಇರುವೆ. ನಿ... ನಿಮ್ಮ ಹೆಸರು ಹಿಡಿದು ಕರೀತಿದೆ.’

ಅಪ್ಪ ಚಾಪೆಯ ಮೇಲೆ ಅವನತ್ತ ಇನ್ನಷ್ಟು ಜರುಗಿದರು.

ಮುರಳಿಯ ಉಗ್ಗು ವಾಸಿಯಾಯಿತು ಎಂದು ನಾನು ಹೇಳಿದರೆ ಅದು ಕಟ್ಟುಕಥೆಯಾದೀತು. ಅವನಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಉಗ್ಗು ಇದ್ದ ಹಾಗೇ ಇದೆ. ಈಗಲೂ ಭಾನುವಾರ ಭದ್ರಾವತಿಯಿಂದ ಅವನ ಫೋನ್ ಬರುತ್ತದೆ. ಅಪ್ಪ ರಿಸೀವರ್ ಕಿವಿಗಿಟ್ಟುಕೊಂಡು ತುಟಿ ಬಿಚ್ಚದೆ ಕೂತಿರುತ್ತಾರೆ. ‘ಲೈನ್ ಕಟ್ಟಾಯ್ತೇನ್ರೀ?’ ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಾಳೆ. ಅಪ್ಪ ಸುಮ್ಮನಿರು ಎಂಬಂತೆ ಒಂದು ಕೈ ಎತ್ತುತ್ತಾರೆ. ಆ ಕೈ ಹಾಗೇ ಇಳಿದು ಭರಣಿಯೊಳಗೆ ಹೋಗುತ್ತದೆ, ಬೀಜಗಳನ್ನು ಮೆಲ್ಲಗೆ ಹೊರಳಿಸುತ್ತ, ಆ ಕಡೆಯ ಮಾತು ಬರುವವರೆಗೆ ಕಾಯುತ್ತದೆ.