ಅವ್ವ ಉತ್ತರ ಕೊಡುವ ಮೊದಲೇ

ತುಂಬಿದ ಕೋರ್ಟಿನಲ್ಲಿ ಒಬ್ಬ ವಕೀಲ ನನ್ನ ಅವ್ವನ ಮೇಲೆ ಕೀಲಿಕೈ ಗೊಂಚಲು ಎಸೆದ. ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು. ಆ ಮನುಷ್ಯ ಸತ್ತು ಎಷ್ಟೋ ಕಾಲವಾಯಿತು. ನನ್ನ ಸಿಟ್ಟು ಮಾತ್ರ ಸತ್ತಿಲ್ಲ.

ಆಗ ನಮ್ಮ ಮನೆ ಹುಬ್ಬಳ್ಳಿಯ ಅಂಚಿನ ಬೆಂಗೇರಿಯಲ್ಲಿತ್ತು. ಅಪ್ಪ ತೀರಿಕೊಂಡಿದ್ದ. ಅಣ್ಣನ ಸಂಸಾರದ ಜೊತೆಗೆ ನಾನೂ ಅವ್ವನೂ ಇದ್ದೆವು. ನಾನು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಅವ್ವನಿಗೆ ಎಪ್ಪತ್ತರ ಆಸುಪಾಸು. ಕಣ್ಣು ನಿಚ್ಚಳವಾಗಿದ್ದವು, ಜಗಲಿಯಲ್ಲಿ ಕುಳಿತು ಅಕ್ಕಿಯಲ್ಲಿಯ ಹರಳನ್ನು ಒಂದೂ ಬಿಡದೆ ಆರಿಸುತ್ತಿದ್ದಳು. ಕಿವಿಯೂ ಚುರುಕು. ಕೈಕಾಲು ಮತ್ತು ಬಾಯಿ ಮಾತ್ರ ನಿಧಾನವಾಗಿದ್ದವು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ನಮ್ಮೆಲ್ಲರಿಗಿಂತ ಮೊದಲು ಕಾಣುತ್ತಿದ್ದವಳು ಅವಳೇ. ಆದರೆ ಕೈ ಪಾತ್ರೆಯನ್ನು ಮುಟ್ಟುವಷ್ಟರಲ್ಲಿ ಹಾಲು ಬೂದಿಯ ಪಾಲಾಗುತ್ತಿತ್ತು. ಏನಾದರೂ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಿದ್ದಳು. ಹೇಳಿದ್ದು ತಪ್ಪಿರುತ್ತಿರಲಿಲ್ಲ. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿತ್ತು? ಅಣ್ಣನಂತೂ ಪ್ರಶ್ನೆ ಕೇಳಿ, ಉತ್ತರವನ್ನೂ ತಾನೇ ಹೇಳಿಕೊಂಡು ಎದ್ದು ಹೋಗುತ್ತಿದ್ದ. "ಅವ್ವನ ತಲಿ ಮೊದಲಿನಂಗ ಇಲ್ಲ ಬಿಡು," ಎಂದು ಅವಳ ಎದುರಿಗೇ ಅನ್ನುತ್ತಿದ್ದ, ಅವಳು ಗೋಡೆಯೋ ಎಂಬಂತೆ.

ಎಷ್ಟೋ ವರ್ಷಗಳ ಮೇಲೆ ಒಬ್ಬ ಡಾಕ್ಟರು ನನಗೆ ಬಿಡಿಸಿ ಹೇಳಿದರು. ವಯಸ್ಸಾದಂತೆ ಮೆದುಳಿನ ಕೆಲಸ ನಿಧಾನವಾಗುತ್ತದಂತೆ. ಕಂಡದ್ದನ್ನು ಗ್ರಹಿಸಿ ಕೈಗೋ ನಾಲಿಗೆಗೋ ಅಪ್ಪಣೆ ಕೊಡಲು ಹೆಚ್ಚು ಹೊತ್ತು ಹಿಡಿಯುತ್ತದಂತೆ. ತಡವಾಯಿತೆಂದರೆ ತಿಳಿವಳಿಕೆ ಹೋಯಿತೆಂದು ಅರ್ಥವಲ್ಲ ಎಂದರು. ಅದು ನನಗೆ ಆ ಕೋರ್ಟಿನಲ್ಲೇ ಗೊತ್ತಾಗಿತ್ತು.

ಒಂದು ಮುಂಜಾನೆ ನಮಗೆ ಮೊಸರು ಕೊಡುವ ಹೆಂಗಸು ಗಡಿಗೆ ಹೊತ್ತು ನಮ್ಮ ಮನೆಯಿಂದ ರಸ್ತೆಗೆ ಇಳಿದಳು. ಹಿಂದಿನಿಂದ ಜೀಪೊಂದು ಬಂದು ಆಕೆಯನ್ನು ಕೆಡವಿತು. ಚೀರಾಟ ಕೇಳಿ ನಾನು ಒಳಗಿನಿಂದ ಓಡಿ ಬಂದಾಗ ಆಕೆ ಮೊಸರಿನ ನಡುವೆ ಬಿದ್ದಿದ್ದಳು. ಕಾಲು ಮೊಣಕಾಲ ಕೆಳಗೆ ಸೊಟ್ಟಗೆ ತಿರುಗಿತ್ತು. ಜೀಪು ಒಬ್ಬ ಅರಳೆ ವ್ಯಾಪಾರಿಯದು. ಅದರಲ್ಲಿದ್ದವರು ಇಬ್ಬರು, ಆ ಸಾಹುಕಾರನ ಮಗ ಮತ್ತು ಅವರ ಡ್ರೈವರ್. ಇಬ್ಬರೂ ಅಷ್ಟರಲ್ಲಿ ಕೆಳಗಿಳಿದು ನಿಂತಿದ್ದರು. "ಜೀಪ ನಾನ ಹೊಡಿಯಾಕತ್ತಿದ್ದೆರಿ," ಎಂದ ಡ್ರೈವರ್, ಯಾರೂ ಕೇಳುವ ಮೊದಲೇ.

ಜಗಲಿಯಲ್ಲಿದ್ದ ಅವ್ವ ಬೇರೆಯದನ್ನೇ ಕಂಡಿದ್ದಳು. ಪೊಲೀಸರು ಬಂದಾಗ ಹೇಳಿದಳು: "ಜೀಪ ಹೊಡಿಯಾಕತ್ತಿದ್ದಾಂವ ಸಾವ್ಕಾರನ ಮಗಾರಿ. ಡ್ರೈವರ ಬಾಜೂಕ ಕುಂತಿದ್ದ." ಬಂದಿದ್ದ ಫೌಜದಾರ ನಿಂತು ಕೇಳುವಂಥ ಮನುಷ್ಯ. ಮಗನ ಮೇಲೆಯೇ ಖಟ್ಲೆ ಹಾಕಿದ.

ಸಾಕ್ಷಿ ಹೇಳಲು ಕರೆ ಬಂದ ದಿನ ಅಣ್ಣ ಕೂಗಾಡಿದ. "ದೊಡ್ಡ ಮಂದಿ ಗೊಡವಿ ನಮಗ್ಯಾಕ? ಅದೂ ಅವ್ವನ್ನ ಕೋರ್ಟಿನ್ಯಾಗ ನಿಂದರಸ್ತೀರೇನು? ಹೋಗ್ತೀ ಏನವಾ ನೀ? ಇಲ್ಲ, ಹೋಗೂದಿಲ್ಲ ಆಕಿ."

"ನಾ ಹೋಗ್ತೇನಿ," ಎಂದಳು ಅವ್ವ. ಅಷ್ಟರಲ್ಲಿ ಅಣ್ಣ ಸೈಕಲ್ ಹತ್ತಿ ಹೋಗಿಯಾಗಿತ್ತು.

ಟಾಂಗಾ ಮಾಡಿಕೊಂಡು ನಾವಿಬ್ಬರೇ ಹೋದೆವು. ಸಾಕ್ಷಿಕಟ್ಟೆಯಲ್ಲಿ ಅವ್ವ ಕಟಾಂಜನ ಹಿಡಿದು ನೆಟ್ಟಗೆ ನಿಂತಳು. ಸರಕಾರಿ ವಕೀಲರು ಕೇಳಿ ಮುಗಿಸಿದ ಮೇಲೆ ಸಾಹುಕಾರನ ವಕೀಲ ಕರಿಕೋಟಿನ ಕಾಲರು ಸರಿಮಾಡಿಕೊಳ್ಳುತ್ತ ಎದ್ದ.

"ಜೀಪು ಯಾ ಕಡಿಂದ ಬಂತು ಆಯಿ? ಲಗೂ ಹೇಳು."

ಅವ್ವ ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದಿನದಕ್ಕೆ ಹೋಗಿದ್ದ. "ಆತು, ಅದು ಗೊತ್ತಿಲ್ಲ. ಜೀಪಿನ್ಯಾಗ ಎಷ್ಟು ಮಂದಿ ಇದ್ರು?"

"ಕೇಶ್ವಾಪುರದ ಕಡಿಂದ ಬಂತ್ರಿ," ಎಂದಳು ಅವ್ವ.

"ನೋಡ್ರಿ ಸಾಹೇಬ್ರ! ಎಷ್ಟು ಮಂದಿ ಅಂದ್ರ ಕೇಶ್ವಾಪುರ ಅಂತಾಳ!"

ಕೋರ್ಟು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಪಟ್ಟೇವಾಲ ಕೂಡ ನಕ್ಕ. ಹಾಗೆಯೇ ನಡೆಯಿತು. ಅವ್ವನ ಪ್ರತಿ ಉತ್ತರವೂ ಮುಂದಿನ ಪ್ರಶ್ನೆಗೆ ಹೋಗಿ ಅಂಟುವಂತೆ ಅವನು ಪ್ರಶ್ನೆಗಳನ್ನು ಓಡಿಸುತ್ತಿದ್ದ. ತಿಳಿಯದೆ ಮಾಡಿದ್ದಲ್ಲ. ಅವಳಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲ ಪ್ರಶ್ನೆಯಲ್ಲೇ ಅಳೆದುಕೊಂಡಿದ್ದ ಅವನು. ಅದಕ್ಕೇ ನಾನು ಅವನನ್ನು ಕ್ಷಮಿಸುವುದಿಲ್ಲ.

ಮ್ಯಾಜಿಸ್ಟ್ರೇಟರು ತಲೆ ಬಗ್ಗಿಸಿ ಹೇಳಿಕೆ ಬರೆಯುತ್ತಿದ್ದರು. ವಕೀಲ ಕಿಸೆಯಿಂದ ಕೀಲಿಕೈ ಗೊಂಚಲು ತೆಗೆದು, "ಹಿಡಿ ಆಯಿ!" ಎಂದು ಎಸೆದೇಬಿಟ್ಟ. ಅದು ಅವ್ವನ ಎದೆಗೆ ಬಡಿದು ಝಣ್ ಎಂದು ಕೆಳಗೆ ಬಿತ್ತು. ಆಮೇಲೆ ಅವಳ ಕೈ ಮೇಲಕ್ಕೆ ಬಂತು, ಹಿಡಿಯಲು ಏನೂ ಉಳಿದಿರದಿದ್ದಾಗ.

"ಎದಿ ಮ್ಯಾಲೆ ಬಂದದ್ದ ಕಾಣಂಗಿಲ್ಲ. ರಸ್ತೆದಾಗಿನ ಜೀಪು ಕಂಡಿತ್ತಂತ!" ಎಂದು ವಕೀಲ ಕುಳಿತ. ಮ್ಯಾಜಿಸ್ಟ್ರೇಟರು ಸಪ್ಪಳಕ್ಕೆ ತಲೆ ಎತ್ತಿದರು, ಏನೂ ಕೇಳಲಿಲ್ಲ. ಅವ್ವನನ್ನು ಕೆಳಗಿಳಿಸಿದರು. ಊಟದ ವೇಳೆಯಾಗಿತ್ತು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅವ್ವ ಎದೆ ತಿಕ್ಕಿಕೊಳ್ಳುತ್ತ ಕುಳಿತಳು. ಕಣ್ಣಲ್ಲಿ ನೀರಿರಲಿಲ್ಲ. "ಎಡಗೈಲೆ ಒಗದ್ನವಾ ಅಂವಾ," ಎಂದಳು. "ಕೆಂಪ ದಾರ ಕಟ್ಟಿತ್ತು ಅದಕ್ಕ. ಕೈಯಿಂದ ಬಿಟ್ಟಿದ್ದೂ ಕಂಡೆ. ಹಿಡೀಬೇಕು ಅನ್ನೂದ್ರಾಗ ಬಡೀತು."

ನನ್ನ ಮೈಯೆಲ್ಲ ಉರಿದುಹೋಯಿತು. ಸರಕಾರಿ ವಕೀಲರು ಅಲ್ಲೇ ಚಹಾ ಕುಡಿಯುತ್ತಿದ್ದರು. ಹೋಗಿ ಎದುರಿಗೆ ನಿಂತೆ. "ನಮ್ಮವ್ವನ್ನ ಮತ್ತ ಕರೀರಿ."

"ಆಗಿಂದಾತು ಬಿಡ್ರಿ ಬಾಯಾರ. ವಯಸ್ಸಾದವ್ರು, ಸುಮ್ನ ಯಾಕ ತ್ರಾಸು."

"ತ್ರಾಸು ಕೊಟ್ಟಾಂವ ಒಳಗದಾನ. ಆಕಿ ಮ್ಯಾಲೆ ಕೀಲಿಕೈ ಒಗದಾಗ ನೀವೇನ ಮಾಡಾಕತ್ತಿದ್ರಿ? ನಿಮಗೂ ಕೈ ಎತ್ತಾಕ ಹೊತ್ತು ಸಾಲಲಿಲ್ಲೇನು? ಈಗ ಕರೀರಿ. ಇಲ್ಲಾಂದ್ರ ನಾನ ಒಳಗ ಹೋಗಿ ಒದರ್ತೇನಿ. ನನ್ನ ಜೇಲಿಗಿ ಹಾಕಿದ್ರ ಹಾಕ್ಲಿ."

ಮಂದಿ ಕೂಡಿದರು. ಅವರು ಚಹಾದ ಬಸಿ ಕೆಳಗಿಟ್ಟು ಎದ್ದರು. ನಾಚಿಕೆಯಿಂದಲೋ ನನ್ನ ಬಾಯಿಗೆ ಹೆದರಿಯೋ, ನಾನು ಕೇಳಲು ಹೋಗಲಿಲ್ಲ.

ಮಧ್ಯಾಹ್ನ ಕೋರ್ಟು ಕೂತಾಗ ಅವರು ಎಲ್ಲವನ್ನೂ ಹೇಳಿ, ಸಾಕ್ಷಿಯನ್ನು ಮತ್ತೆ ಕರೆಯಲು ಅಪ್ಪಣೆ ಬೇಡಿದರು. ಮ್ಯಾಜಿಸ್ಟ್ರೇಟರು ಸಾಹುಕಾರನ ವಕೀಲನ ಕಡೆ ತಿರುಗಿದರು. "ಕೀಲಿಕೈ ಒಗದದ್ದು ಖರೇ ಏನ್ರಿ?"

"ಸಾಕ್ಷಿ ಪರೀಕ್ಷಾ ಮಾಡಿದ್ನಿರಿ, ಸಾಹೇಬ್ರ."

"ಇದು ಕೋರ್ಟ ಐತಿ, ಸರ್ಕಸ್ ಅಲ್ಲ. ಆಕಿ ಮಾತು ಮುಗಿಯೂತನಕ ನಿಮ್ಮ ಬಾಯಿ ಮುಚ್ಚಿರಲಿ."

ಅವ್ವ ಮತ್ತೆ ಕಟಾಂಜನ ಹಿಡಿದಳು. ಜೀಪಿನಿಂದ ಯಾರು ಯಾವ ಕಡೆ ಇಳಿದರು ಎಂದು ಸರಕಾರಿ ವಕೀಲರು ಕೇಳಿದರು. ಅವ್ವ ಸುಮ್ಮನಿದ್ದಳು. ಯಾರೋ ಕೆಮ್ಮಿದರು. ಕೋರ್ಟು ಈಗ ಕಾಯಲೇಬೇಕಾಗಿತ್ತು.

"ಬಲಕ್ಕ ಇಳದಾಂವ ಬಿಳಿ ಅಂಗಿ ಹುಡುಗ್ರಿ. ಸ್ಟೇರಿಂಗ ಅವನ ಕೈಯಾಗಿತ್ತು. ಡ್ರೈವರ ಎಡಕ್ಕ ಇಳದಾ. ಹುಡುಗ ಅವನ ಕಿವ್ಯಾಗ ಏನೋ ಅಂದಾ. ಆಮ್ಯಾಲೆ ಡ್ರೈವರ ಸುತ್ತು ಹಾಕಿ ಬಂದು ಬಲಕ್ಕ ನಿಂತಾ."

ವಕೀಲ ಮತ್ತೆ ಎದ್ದು ಒಂದೊಂದನ್ನೇ ತಿರುವಿ ಹಾಕಿ ಕೇಳಿದ. ಉತ್ತರ ತಡವಾಗಿ ಬಂತು, ಆದರೆ ಅದೇ ಉತ್ತರ ಬಂತು. ಕೊನೆಗೆ ಅವನೇ ಬೇಸತ್ತು ಕುಳಿತ.

ಹೊರಗೆ ಹೋಗುವಾಗ ನಮ್ಮನ್ನು ನೋಡಿ ನಕ್ಕ. "ನಿಮ್ಮ ತಾಯಿ ಭಾಳ ಗಟ್ಟಿ ಅದಾರ್ರಿ. ನಮ್ಮ ಧಂದೆ ಇದು, ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಇಟ್ಕೋತೇನ್ರಿ," ಎಂದೆ.

ಸಾಹುಕಾರನ ಮಗನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿನಲ್ಲಿ ಅದು ಅರ್ಧಕ್ಕೆ ಇಳಿಯಿತು ಎಂದು ಆಮೇಲೆ ಕೇಳಿದೆ. ತೀರ್ಪಿನಲ್ಲಿ ಅವ್ವನ ಬಗ್ಗೆ, "ಮುಪ್ಪಿನ ವಯಸ್ಸಾಗಿದ್ದರೂ ನಂಬಬಹುದಾದ ಸಾಕ್ಷಿ" ಎಂಬ ಅರ್ಥದ ಮಾತಿದೆ ಎಂದು ಸರಕಾರಿ ವಕೀಲರು ಹಿಗ್ಗಿನಿಂದ ಹೇಳಿದರು. ಆ ‘ಆಗಿದ್ದರೂ’ ನನ್ನನ್ನು ಚುಚ್ಚಿತು. ಪ್ರಶ್ನೆಗಳನ್ನು ಓಡಿಸಿದವನ ಬಗ್ಗೆ ‘ವಕೀಲನಾಗಿದ್ದರೂ ಹೀಗೆ ಮಾಡಿದ’ ಎಂದು ಯಾರಾದರೂ ಬರೆದರೇ?

ಮನೆಗೆ ಬಂದು ಅವ್ವನಿಗೆ ಸುದ್ದಿ ತಿಳಿಸಿದೆ. ಮೆಂತ್ಯದ ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. ಕಾದೆ.

"ಆಕಿ ಕಾಲು?" ಎಂದಳು.

"ನೆಟ್ಟಗಾಗೂದಿಲ್ಲಂತವಾ. ಗಡಿಗಿ ಹೊರೂದೂ ಆಗೂದಿಲ್ಲಂತ."

ಅವ್ವ ಸೊಪ್ಪಿನ ಬುಟ್ಟಿಯನ್ನು ಆಚೆ ನೂಕಿ, "ಸುಡು ಅವರ ಕೋರ್ಟ," ಎಂದಳು.