ಆಲ್ಡೀನ್ ಬೆಚ್ಚಗೆ ಮಾಡಿದ ಮನೆ

ಆಲ್ಡೀನ್ ಪೆಲ್ಟಿಯೆ ಮತ್ತು ನಾನು ಒಂದೇ ಶಾಲೆಯ ಅಡಿಗೆಮನೆಯಲ್ಲಿ ಬೇಯಿಸಿ ಬಡಿಸಿ ಮುದುಕಿಯರಾದವರು. ಉತ್ತರ ಮೇನ್‌ನ ನಮ್ಮ ಊರಿಗೆ ನದಿಯ ಆಚೆ ದಡವೇ ಕೆನಡಾ. ಅಲ್ಲಿಂದ ಬೀಸುವ ಗಾಳಿ ಆಲ್ಡೀನ್ ಬಾಡಿಗೆಗಿದ್ದ ಹಳೆಯ ಮರದ ಮನೆಯೊಳಗೆ ಬಾಗಿಲು ತಟ್ಟದೆ ಬರುತ್ತಿತ್ತು. ಗಂಡ ಸತ್ತ ಮೇಲೆ ಅವಳ ಸಂಬಳದ ಬಹುಪಾಲನ್ನು ಮನೆ ಕಾಯಿಸುವ ನೆಲಮಾಳಿಗೆಯ ಎಣ್ಣೆ ಬಾಯ್ಲರ್ರೇ ನುಂಗುತ್ತಿತ್ತು. ಉರಿಸಿದ ಶಾಖವೆಲ್ಲ ಸೂರಿನಿಂದ ಆಕಾಶಕ್ಕೆ ಹೋಗುತ್ತಿತ್ತು.

ಶಾಖ ಸೋರದಂತೆ ಅಟ್ಟಕ್ಕೆ ಏನಾದರೂ ತುಂಬಿಸಿಕೊಡಿ ಎಂದು ಮನೆಯ ಯಜಮಾನ ರೋಸೇರ್ ಮಿಶೋನನ್ನು ಕೇಳಿದಳು.

"ನಮ್ಮಪ್ಪ ಇದೇ ಮನೇಲಿ ಮುದುಕ ಆದ. ಚಳಿ ಆದ್ರೆ ಇನ್ನೊಂದು ಸ್ವೆಟರ್ ಹಾಕ್ಕೋ."

"ನಾನೇ ಮಾಡ್ಕೊಂಡ್ರೆ ನಿಮ್ಮದೇನೂ ಅಡ್ಡಿ ಇಲ್ವಲ್ಲ?"

"ಮಾಡ್ಕೋ ಮಾರಾಯ್ತಿ. ನಾನ್ಯಾಕೆ ಬೇಡ ಅನ್ಲಿ?"

ಆ ಮಾತನ್ನೇ ಅವಳು ಭಾಷೆ ಎಂದು ತಿಳಿದಳು.

ಸೆಪ್ಟೆಂಬರಿನಲ್ಲಿ ತಮ್ಮ ಲುಡ್ಜರ್‌ನನ್ನು ಕರೆಸಿಕೊಂಡಳು. ಹಳೆಯ ಪತ್ರಿಕೆಗಳನ್ನು ಅರೆದು ಮಾಡಿದ ಬೂದುಬಣ್ಣದ ಅರಳೆ ಮೂಟೆಗಟ್ಟಲೆ ಬಂತು. ಅದನ್ನು ಊದುವ ಯಂತ್ರವನ್ನು ಅಂಗಡಿಯವನೇ ಕೊಟ್ಟ. ಲುಡ್ಜರ್ ಕೆಳಗೆ ನಿಂತು ಯಂತ್ರಕ್ಕೆ ತುಂಬಿದ. ತೆಳ್ಳಗಿದ್ದ ಆಲ್ಡೀನ್ ಕೊಳವೆ ಹಿಡಿದು ಅಟ್ಟದಲ್ಲಿ ತೆವಳಿದಳು. ಒಂದೊಂದು ಸಂದಿಯನ್ನೂ ಮೊದಲು ಮೇಣದಂಥ ಅಂಟಿನಿಂದ ಮುಚ್ಚಿ, ಮೊಣಕಾಲು ಮುಳುಗುವಷ್ಟು ಅರಳೆ ಹರಡಿದಳು. ಕೆಮ್ಮುತ್ತ ಇಳಿದಾಗ ಹುಬ್ಬೆಲ್ಲ ಬೂದಿ.

"ಅಕ್ಕಾ, ನಿನ್ನದಲ್ಲದ ಮನೆಗೆ ಯಾಕೆ ಇಷ್ಟು ಸೇವೆ?"

"ಮನೆ ಅವನದು ಕಣೋ. ಚಳಿ ನಂದಲ್ವಾ?"

ಆ ವರ್ಷ ಎಣ್ಣೆ ಲಾರಿ ಅವಳ ಮನೆ ಮುಂದೆ ನಿಂತದ್ದು ಅಪರೂಪ. ಶಾಖ ಸೋರದಿದ್ದುದರಿಂದ ಸೂರಿನ ಹಿಮ ಕರಗದೆ ದಪ್ಪಗೆ ಕೂತಿತ್ತು. ಆಲ್ಡೀನ್ ರಸ್ತೆಯಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಉಳಿದ ದುಡ್ಡಿನಲ್ಲಿ ಹಲ್ಲು ಕಟ್ಟಿಸಿಕೊಂಡಳು. ಬಾಯಿಗೆ ಕೈ ಅಡ್ಡ ಹಿಡಿಯದೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಫೆಬ್ರವರಿಯಲ್ಲಿ ರೋಸೇರ್ ಬಾಡಿಗೆ ವಸೂಲಿಗೆ ಬಂದ. ಕೋಟು ತೆಗೆದ, ಆಮೇಲೆ ಸ್ವೆಟರನ್ನೂ ತೆಗೆದ. ಅವಳು ಹುಯ್ದುಕೊಟ್ಟ ಪ್ಲೋಯ್ ದೋಸೆಯನ್ನು ಕಾಕಂಬಿ ಹಚ್ಚಿಕೊಂಡು ತಿನ್ನುತ್ತ, "ಇದು ನಮ್ಮಪ್ಪನ ಮನೇನಾ?" ಎಂದ. ಆಲ್ಡೀನ್ ಬ್ಯಾಟರಿ ಹಿಡಿದು ಅಟ್ಟ ಹತ್ತಿಸಿ ಎಲ್ಲವನ್ನೂ ತೋರಿಸಿದಳು. ಆ ಹೆಮ್ಮೆಯೇ ಅವಳಿಗೆ ಮುಳುವಾಯಿತು.

ಹಿಮ ಕರಗುವ ಹೊತ್ತಿಗೆ ಅವನು ಮತ್ತೆ ಬಂದ. "ನನ್ನ ಮಗಳು ಷೆರಿಲ್ ಗಂಡನ್ನ ಬಿಟ್ಟು ಬರ್ತಿದ್ದಾಳೆ. ಕೈಗೂಸು ಬೇರೆ. ಮೊದಲಿನ ಹಾಗಿದ್ರೆ ಮಗೂನ ಇಲ್ಲಿ ಇಡೋಕೇ ಆಗ್ತಿರ್ಲಿಲ್ಲ. ಈಗ ನೀನು ಚೆನ್ನಾಗಿ ಮಾಡಿದ್ದೀಯ." ಹೊಗಳಿಕೆಯ ದನಿಯಲ್ಲೇ ಮನೆ ಬಿಡು ಎಂದ.

"ನಾನು ತುಂಬಿಸಿದ್ದು?"

"ಬೇಕಾದ್ರೆ ಬಾಚ್ಕೊಂಡು ಹೋಗು," ಎಂದು ನಕ್ಕ.

ವಕೀಲರೂ ಅದನ್ನೇ ಹೇಳಿದರು: ಮನೆಗೆ ಸೇರಿದ್ದು ಮನೆಯೊಡೆಯನಿಗೆ. ಲುಡ್ಜರ್ ಕೆಂಡವಾದ. "ಯಂತ್ರ ತರ್ತೀನಿ ಅಕ್ಕಾ, ಎಲ್ಲಾ ಹೀರಿ ಹಾಕೋಣ."

"ಹೀರಿ ಎಲ್ಲಿ ಸುರೀತೀಯ? ನನ್ನ ತಲೆ ಮೇಲಾ?"

ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಗೆ ಅವಳು ಹೋದಳು. ಆ ಡಿಸೆಂಬರಿನಲ್ಲಿ ನಾನು ಅಲ್ಲಿದ್ದಾಗಲೇ ಷೆರಿಲ್ ಫೋನು ಮಾಡಿದಳು.

"ಆಂಟಿ, ಉತ್ತರದ ಕೋಣೆ ಗೋಡೆ ಮಾತ್ರ ಮಂಜುಗಡ್ಡೆ ಥರ ಇದೆ. ಮಗು ಅಲ್ಲೇ ಮಲಗೋದು. ಅಲ್ಲಿ ಏನೂ ಹಾಕಿಲ್ವಾ?"

ಆಲ್ಡೀನ್ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು. "ಇಲ್ಲ. ಅದನ್ನ ಈ ವರ್ಷ ಮಾಡೋಣ ಅಂತಿದ್ದೆ. ಮಗೂನ ಅಡಿಗೆಮನೆ ಪಕ್ಕದ ಕೋಣೇಲಿ ಮಲಗಿಸು. ಗೋಡೆಗೆ ನಿಮ್ಮಪ್ಪನ್ನ ಕೇಳು."

"ಒಳ್ಳೇ ಕೆಲಸ ಮಾಡಿದೆ," ಎಂದೆ.

"ಒಳ್ಳೇದೂ ಇಲ್ಲ, ಮಣ್ಣೂ ಇಲ್ಲ. ಹೇಳದೆ ಇದ್ದುಬಿಡೋಣ ಅಂತ ಎಷ್ಟು ಆಸೆಯಾಯ್ತು ಗೊತ್ತೇನೇ?"

ಆಮೇಲೆ ಅವಳು ಯಾವ ಗೋಡೆಗೂ ಕೈ ಹಚ್ಚಲಿಲ್ಲ. ಕಿಟಕಿ ಸಂದಿಗೆ ಒಂದು ಚಿಂದಿಯಾದರೂ ತುರುಕು ಎಂದರೆ, "ಯಜಮಾನ ತುರುಕ್ಲಿ," ಎನ್ನುತ್ತಿದ್ದಳು. ಸಾಯುವವರೆಗೂ ಚಳಿಗಾಲದಲ್ಲಿ ಕೋಟು ತೊಟ್ಟೇ ಉಂಡಳು.