ಅಲ್ಲಲ್ಲಿ ಮಳೆ

ಇಂಗ್ಲಿಷ್ ವರ್ತಮಾನಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಕುದುರೆ ಪಂದ್ಯದ ಸುದ್ದಿಗೂ ಕೂದಲೆಣ್ಣೆಯ ಜಾಹೀರಾತಿಗೂ ನಡುವೆ, ಹೆಬ್ಬೆರಳಗಲದ ಜಾಗದಲ್ಲಿ ಬರುವ ವಾರದ ಹವೆ ಹೇಗಿರುತ್ತದೆಂದು ಅಚ್ಚು ಹಾಕಿರುತ್ತಾರೆ. ಮೊಳಕಾಲ್ಮೂರಿನಲ್ಲಿ ಅದನ್ನು ಓದುವ ಪ್ರಾಣಿ ನಾನೊಬ್ಬನೇ. ಪತ್ರಿಕೆ ಹೇಗೋ ಚಳ್ಳಕೆರೆ ಮುಟ್ಟಿ, ಅಲ್ಲಿಂದ ಟಪಾಲಿನವನ ಹೆಗಲೇರಿ ನನ್ನ ಕೈ ಸೇರುವಷ್ಟರಲ್ಲಿ ಆ ‘ಬರುವ ವಾರ’ ಅರ್ಧ ಬಂದು ಹೋಗಿರುತ್ತದೆ. ಆದರೂ ಚೈತ್ರ ಹುಟ್ಟಿತೆಂದರೆ ಅದನ್ನು ಓದದೆ ನನಗೆ ಊಟ ಸೇರದು. ಓದಿದ ಮೇಲೆ ಕೂತಲ್ಲಿ ಕೂರಲಾಗದು. ಸ್ಕೂಲಿನಲ್ಲಿ ಸಮಾಸ ಬಿಡಿಸುತ್ತ ಬಿಡಿಸುತ್ತಲೇ ಕಿಟಕಿಗೆ ಹೋಗಿ ಆಕಾಶ ನೋಡಿ ಬರುತ್ತೇನೆ. ಹುಡುಗರು ಇದಕ್ಕೆ ಮೇಷ್ಟ್ರ ಪ್ರದಕ್ಷಿಣೆ ಎಂದು ಹೆಸರಿಟ್ಟಿದ್ದಾರಂತೆ.

ಈ ಚಡಪಡಿಕೆಗೆ ಕಾರಣ ಒಂದು ಪದ. ಪದವಿ ಗಳಿಸಿದವನನ್ನು ಪದವೇ ಕೆಡವುವುದುಂಟೆಂದು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ನಮ್ಮದು ಕುರಿ ಸಾಕುವ ಮನೆತನ. ಊರು ದೇವಸಮುದ್ರದ ದಾರಿಯಲ್ಲಿ, ಇಲ್ಲಿಗೆ ಒಂದೂವರೆ ಹರಿದಾರಿ. ವಂಶದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ರುಜು ಹಾಕಿದ ಮೊದಲಿಗ ನಾನು. ಎರಡು ಸಲ ನಪಾಸಾಗಿ ಮೂರನೆಯ ಸಲ ಬಿ.ಎ. ಪಾಸು ಮಾಡಿದವನು. ಹೆಮ್ಮೆಯಿಲ್ಲವೆಂದರೆ ಸುಳ್ಳಾದೀತು. ಪಾಸಾದ ಸುದ್ದಿ ಹೇಳಲು ಓಡಿಹೋದಾಗ ಅಪ್ಪ ಕುರಿಯ ಗೊರಸು ಕೆರೆಯುತ್ತ ಕೂತಿದ್ದ, ತಲೆಯೆತ್ತದೆ, “ಇನ್ನು ಓದೋದು ಏನೂ ಉಳಿದಿಲ್ವಲ್ಲ?” ಎಂದಷ್ಟೇ ಕೇಳಿದ್ದ. ಅಂಥ ಅಪ್ಪ ಹೋದ ವರ್ಷ ಯುಗಾದಿ ಕಳೆದ ಮೇಲೆ, ನನ್ನ ಜೀವಮಾನದಲ್ಲಿ ಮೊದಲ ಸಲ, ನನ್ನಿಂದ ಒಂದು ಸಲಹೆ ಬೇಡಿದ.

ಅದು ಉಣ್ಣೆ ಕತ್ತರಿಸುವ ಕಾಲ. ನಮ್ಮ ಕಡೆ ಇದು ಮುಯ್ಯಿಯ ಕೆಲಸ. ಇವತ್ತು ಹತ್ತು ಮನೆಯವರು ಕತ್ತರಿ ಹಿಡಿದು ಒಬ್ಬನ ಹಟ್ಟಿಗೆ ಬಂದರೆ, ನಾಳೆ ಅವನು ಅವರ ಹಟ್ಟಿಗಳಿಗೆ ಹೋಗಿ ಆ ಋಣ ತೀರಿಸಬೇಕು. ಆದರೆ ಉಣ್ಣೆ ಇಳಿಸಿದ ಒಂದೆರಡು ದಿನದಲ್ಲಿ ಆಲಿಕಲ್ಲಿನ ಮಳೆ ಹೊಡೆಯಿತೋ, ಬೆತ್ತಲೆ ಮೈಯ ಕುರಿ ತಡೆಯುವುದಿಲ್ಲ. ಸಣ್ಣವನಿದ್ದಾಗ ಒಮ್ಮೆ ನೋಡಿದ್ದೇನೆ; ಒಂದರ ಮೇಲೊಂದು ಒತ್ತಿಕೊಂಡು ಹಾಗೇ ಸೆಟೆದುಹೋಗಿದ್ದವು. ಅವ್ವ ಮೂರು ದಿನ ಒಲೆ ಹಚ್ಚಿರಲಿಲ್ಲ.

ಹೋದ ವರ್ಷ ನಾನು ಊರಿಗೆ ಹೋದ ಮರುದಿನವೇ ಅಪ್ಪನ ಸರದಿ. ಎರಡು ದಿನದಿಂದ ಹೊತ್ತು ಇಳಿಯುವಾಗ ಮೋಡ ಕವಿಯುತ್ತಿತ್ತು, ಚದುರುತ್ತಿತ್ತು.

“ನಿನ್ನ ಕಾಗದ ಏನಂತೈತೋ?” ಎಂದ ಅಪ್ಪ.

ನಾನು ಉಬ್ಬಿಹೋದೆ. ಕೋಟಿನ ಜೇಬಿನಿಂದ ಪತ್ರಿಕೆ ತೆಗೆದು, ಮೂರು ಸಲ ಪರೀಕ್ಷೆಗೆ ಕೂತ ಗಾಂಭೀರ್ಯವನ್ನೆಲ್ಲ ಕಂಠಕ್ಕೆ ತಂದುಕೊಂಡು, “ಈ ಪ್ರಾಂತ್ಯದಲ್ಲಿ ಅಲ್ಲಲ್ಲಿ ಗುಡುಗುಸಹಿತ ಮಳೆಯಾಗುವ ಸಂಭವವಿದೆ” ಎಂದು ಭಾಷಾಂತರಿಸಿದೆ.

“ಅಲ್ಲಲ್ಲಿ ಅಂತಾನೇ ಐತಾ? ಸರಿಯಾಗಿ ನೋಡು.”

“ಅಲ್ಲಲ್ಲಿ ಅಂತಾನೇ ಐತಪ್ಪ.”

ಅಪ್ಪನ ಮುಖ ಸಡಿಲವಾಯಿತು. ನಾಳೆಯ ಕತ್ತರಿ ಕೆಲಸ ಮುಂದಕ್ಕೆ ಹಾಕಿದನೆಂದೇ ನಾನು ತಿಳಿದೆ. ಕುರಿಗಳನ್ನು ಕಾಪಾಡಿದ ತೃಪ್ತಿಯಿಂದ ಅವತ್ತೇ ಮೊಳಕಾಲ್ಮೂರಿಗೆ ಹಿಂತಿರುಗಿದೆ.

ಮರುದಿನ ಮಧ್ಯಾಹ್ನ ಪೇಟೆಯಲ್ಲಿ ಉಣ್ಣೆ ವ್ಯಾಪಾರದ ಕಾಸಿಂ ಸಾಹೇಬರು ಎದುರಾದರು. “ಮುಬಾರಕ್ ಮೇಷ್ಟ್ರೇ! ಬೆಳಿಗ್ಗೆಯಿಂದ ನಿಮ್ಮ ಹಟ್ಟೀಲಿ ಕತ್ತರಿ ಆಡ್ತಾ ಐತಂತೆ. ಉಣ್ಣೆ ನನಗೇ ಕೊಡಿಸಬೇಕು, ನೋಡಿ.”

ಅವರ ಟೋಪಿಯ ಹಿಂದೆ, ಪೂರ್ವದಲ್ಲಿ, ಕರೀ ಮೋಡ ಏಳುತ್ತಿತ್ತು. ನಾನೇನು ಉತ್ತರ ಕೊಟ್ಟೆನೋ ನೆನಪಿಲ್ಲ. ನಡೆದೆನೋ ಓಡಿದೆನೋ ಅದೂ ನೆನಪಿಲ್ಲ. ನೆನಪಿರುವುದು ಇಷ್ಟೇ: ಅರ್ಧ ದಾರಿಯಲ್ಲಿ ಆ ಪದ ಜಾಲಿಮುಳ್ಳಿನಂತೆ ಚುಚ್ಚಿತು. ಅಲ್ಲಲ್ಲಿ! ಬಿಡಿಸಿದರೆ ಅಲ್ಲಿ, ಮತ್ತೊಂದು ಅಲ್ಲಿ. ಎರಡು ಸಲ ಅಲ್ಲಿ ಇದೆ, ಒಂದು ಸಲವೂ ಇಲ್ಲಿ ಇಲ್ಲ. ನಾನು ಹೇಳಿದ್ದು ಇಂಗ್ಲಿಷಿನಿಂದ ಇಳಿದ ಕನ್ನಡ. ಅಪ್ಪ ಕೇಳಿಸಿಕೊಂಡದ್ದು ನೆಲದಿಂದ ಎದ್ದ ಕನ್ನಡ. ಮಳೆ ಬರುವುದು ಅಲ್ಲಿ, ಇಲ್ಲಲ್ಲ!

ಹಟ್ಟಿ ಮುಟ್ಟಿದಾಗ ಎಲ್ಲ ಕುರಿಗಳ ಉಣ್ಣೆಯೂ ಇಳಿದಾಗಿತ್ತು. ಗುರುತೇ ಸಿಗದ ಹಾಗೆ, ಸಣ್ಣಗೆ, ನಾಚಿಕೊಂಡಂತೆ ನಿಂತಿದ್ದವು. ಪಕ್ಕದ ಮನೆಯ ಪಾಲಯ್ಯ, ತೆಲುಗಿಲ್ಲದೆ ತಮಾಷೆ ಮಾಡಲಾರದವನು, ನನ್ನನ್ನು ಕಂಡು, “ಏಮಪ್ಪಾ ಬಿ.ಎ., ಉರುಕ್ಕುಂಟಾ ಒಸ್ತಿವೇ! ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?” ಎಂದ.

“ಕುರಿ ಒಳಗೆ ಹೊಡೀರಿ!” ಎಂದು ಕೂಗಿದೆ. ಗಂಡಸರು ಮುಖ ಮುಖ ನೋಡಿದರು. ಅವ್ವ ಮಾತ್ರ ಆಕಾಶ ನೋಡಿದಳು. ಮರುಕ್ಷಣ ಮನೆಯ ಕಂಬಳಿಗಳೆಲ್ಲ ಹೊರಗೆ ಬಂದವು, ಗಬ್ಬದ ಕುರಿಗಳು ಅಡುಗೆಮನೆ ಸೇರಿದವು. “ತೆಗಿಯೋ ಅದನ್ನ” ಎಂದು ನನ್ನ ಅಲ್ಪಾಕ ಕೋಟನ್ನೂ ಕಿತ್ತು ಒಂದು ಮುದಿ ಕುರಿಗೆ ಹೊದಿಸಿದಳು. ಸತ್ಯ ಹೇಳಬೇಕೆಂದರೆ ಅದಕ್ಕೆ ಕೋಟು ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು. ತಣ್ಣನೆಯ ಗಾಳಿ ನುಗ್ಗಿತು. ನಾಲ್ಕು ಹನಿ ಬಿತ್ತು. ಕುರಿಗಳು ನಡುಗಿದವು.

ಅಷ್ಟೇ. ಮಳೆ ನಮ್ಮ ಕಣ್ಣೆದುರಿಗೇ ರಾಯದುರ್ಗದ ಬೆಟ್ಟದ ಮೇಲೆ ಪರದೆ ಇಳಿಬಿಟ್ಟು ಒಂದು ಗಂಟೆ ಸುರಿಯಿತು. ಇಂಗ್ಲಿಷ್ ಪತ್ರಿಕೆ ಹೇಳಿದ ಮಳೆ ನಿಯತ್ತಾಗಿ ಇಂಗ್ಲಿಷರ ಕುಂಪಣಿ ಸೀಮೆಯಲ್ಲೇ ಬಿತ್ತು. ಮೈಸೂರು ಸೀಮೆಯ ಗಡಿ ದಾಟಲಿಲ್ಲ.

ಅಪ್ಪ ಎದೆಯುಬ್ಬಿಸಿ ಅತ್ತ ಬೆರಳು ತೋರಿಸಿದ. “ನೋಡ್ದೇನಲೇ ಪಾಲಯ್ಯ? ಅಲ್ಲಲ್ಲಿ ಅಂತ ಕಾಗದದಾಗೇ ಇತ್ತು. ನನ್ನ ಮಗ ಓದಿ ಹೇಳ್ದ.”

ಈ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೆಂದು ಓದುಗರೇ ಊಹಿಸಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಅದು ನನ್ನದಾಗಿಯೇ ಉಳಿಯುತ್ತಿತ್ತು. ಆದರೆ ಮುಂದಿನ ಸರದಿ ಪಾಲಯ್ಯನದು; ಅವನೂ ನಂಬಿದರೆ?

“ಅಪ್ಪ, ಅಲ್ಲಲ್ಲಿ ಅಂದ್ರೆ ಇಲ್ಲೂ ಬರಬಹುದಿತ್ತು.”

“ಮತ್ತೆ ಇಲ್ಲಿ ಅಂತ ಯಾಕೆ ಹಾಕಿಲ್ಲ?”

“ಎಲ್ಲಿ ಅಂತ ಅವರಿಗೇ ಗೊತ್ತಿಲ್ಲ.”

“ನಿನಗೆ?”

“ನನಗೂ ಗೊತ್ತಿಲ್ಲ.”

ಪಾಲಯ್ಯ ನಕ್ಕ. ಅಪ್ಪ ನಗಲಿಲ್ಲ. ಒದ್ದೆಯಾದ ಒಂದು ಮರಿಯ ಬೆನ್ನು ಉಜ್ಜುತ್ತ, ಮೆಲ್ಲಗೆ, “ಇದನ್ನ ನಿನ್ನೇನೇ ಅಂದಿದ್ರೆ ಒಂದಿನ ತಡ್ಕೊಂತಿದ್ನಲ್ಲೋ” ಎಂದ.

ಬಿ.ಎ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಪುಟ ತುಂಬಿಸುವುದನ್ನು ಕಲಿತವನು ನಾನು. ಗೊತ್ತಿಲ್ಲವೆನ್ನುವ ಉತ್ತರಕ್ಕೂ ಒಬ್ಬರು ಕಾದಿರುತ್ತಾರೆಂದು ಅವತ್ತು ಕಲಿತೆ.

ಈಗ ಮತ್ತೆ ಚೈತ್ರ. ಮೊನ್ನೆ ಪಾಲಯ್ಯ ಇಲ್ಲಿಗೇ ಬಂದು, “ಕಾಗದ ಏನಂತೈತೆ ಬಿ.ಎ.?” ಎಂದು ಕೇಳಿದ. “ಬಂದರೂ ಬರಬಹುದು, ಬರದೇನೂ ಇರಬಹುದು. ಬಂದ್ರೆ ಇಲ್ಲೇ ಬರಬಹುದು. ನನಗೆ ಗೊತ್ತಿಲ್ಲ ಪಾಲಣ್ಣ” ಎಂದೆ. “ಇದನ್ನ ಹೇಳೋಕೆ ಮದರಾಸಿನ ತನಕ ಹೋಗಿ ಪರೀಕ್ಷೆ ಕಟ್ಬೇಕಿತ್ತಾ?” ಎಂದು ಬೈದು ಹೋದ, ಆದರೆ ಹೋಗಿ ಎರಡು ದಿನ ತಡೆದ. ಆ ಎರಡು ದಿನವೂ ಹನಿ ಬೀಳಲಿಲ್ಲ. ಇವತ್ತು ಬೆಳಿಗ್ಗೆ ಅವನ ಹಟ್ಟಿಯಲ್ಲಿ ಕತ್ತರಿ ಹಾಕಿರುತ್ತಾರೆ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ಐದನೆಯ ಸಲ ಹೋದಾಗ ಪೂರ್ವದಲ್ಲಿ ಅಂಗೈಯಗಲದ ಕಪ್ಪು ಕಂಡಿತು. ಅದು ಅಲ್ಲಿಯೋ ಇಲ್ಲಿಯೋ ನಾನರಿಯೆ. ಲೇಖನಿ ಇಟ್ಟು ಹೊರಡುತ್ತೇನೆ. ಕುರಿ ಒಳಗೆ ಹೊಡೆಯಲು ಒಬ್ಬ ಆಳು ಹೆಚ್ಚಿಗಿದ್ದರೆ ಒಳ್ಳೆಯದು.